ಮುಂದೆ ಓದಲಾಗುತ್ತಿಲ್ಲ ಎನ್ನುವವರಿಗೆ

ಶೇಕ್ಸ್‌ಪಿಯರನ ನಾಟಕಗಳಿಂದ ಹುಟ್ಟಿದ ಹೊಸ ಕಾದಂಬರಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪುಸ್ತಕ ಹೇಗಿದೆ ಎನ್ನುವುದಕ್ಕಿಂತ ಪುಸ್ತಕ ತಮಗೇನು ಮಾಡಿತು ಎಂದು ಹೇಳಿಕೊಂಡ ಪತ್ರಗಳೇ ಹೆಚ್ಚಾಗಿ ಬಂದಿವೆ. ಒಬ್ಬರಿಗೆ ನಿದ್ದೆ ಕೆಟ್ಟಿದೆ, ಒಬ್ಬರಿಗೆ ಹೇಸಿಗೆಯಾಗಿದೆ, ಇನ್ನೊಬ್ಬರಿಗೆ ಇಂಥದ್ದನ್ನೇ ಮತ್ತೆ ಮತ್ತೆ ಓದಬೇಕೆನಿಸುತ್ತದಲ್ಲ ಎಂದು ನಾಚಿಕೆ. ಇವೆಲ್ಲ ಸಾಹಿತ್ಯದ ಪ್ರಶ್ನೆಗಳೇ ಎಂದು ನಂಬಿ ಉತ್ತರಿಸಿದ್ದೇನೆ. ಹೆಸರು ಬೇಡ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಮ್ಯಾಗಿ ಒಫಾರೆಲ್ ಅವರ ‘ಹ್ಯಾಮ್ನೆಟ್’ ಕಾದಂಬರಿಯನ್ನು ಗೆಳತಿ ಕೊಟ್ಟಳು. ಹುಡುಗ ಸಾಯುವಲ್ಲಿಗೆ ಬಂದು ನಿಲ್ಲಿಸಿಬಿಟ್ಟೆ. ನನ್ನ ತಮ್ಮ ಹತ್ತನೆಯ ವಯಸ್ಸಿನಲ್ಲಿ ಜ್ವರದಿಂದ ಹೋದ. ಅಮ್ಮ ಅವನ ಅಂಗಿಯನ್ನು ಟ್ರಂಕಿನಿಂದ ತೆಗೆದು ಮೂಸಿ ನೋಡಿ ಮತ್ತೆ ಮಡಿಚಿಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಎಂ.ಎ. ಮಾಡಿ ಪ್ರೌಢಶಾಲೆಯಲ್ಲಿ ಪಾಠ ಹೇಳುವ ನಾನು ಒಂದು ಕಾದಂಬರಿ ಮುಗಿಸಲಾರದಷ್ಟು ದುರ್ಬಲಳೇ? ಇನ್ನೊಂದು ಸಂಶಯ: ಮಗ ಸತ್ತ ದುಃಖದಲ್ಲೇ ಶೇಕ್ಸ್‌ಪಿಯರ್ ‘ಹ್ಯಾಮ್ಲೆಟ್’ ಬರೆದದ್ದು ನಿಜವೇ?
— ಶಿಕ್ಷಕಿ, ಶಿವಮೊಗ್ಗ

ಉತ್ತರ: ಖಂಡಿತ ದುರ್ಬಲರಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ನಿಮ್ಮ ಹಾಗೆಯೇ ಪುಸ್ತಕ ಮುಚ್ಚಿಟ್ಟವನು. ‘ಕಿಂಗ್ ಲಿಯರ್’ ನಾಟಕದಲ್ಲಿ ರಾಜನ ಕಿರಿಯ ಮಗಳು ಕಾರ್ಡೀಲಿಯಾ ಸಾಯುವುದನ್ನು ಓದಿ ಅವನಿಗೆ ಎಂಥ ಆಘಾತವಾಯಿತೆಂದರೆ, ಆ ಕೊನೆಯ ದೃಶ್ಯಗಳ ಕಡೆ ಬಹಳ ವರ್ಷ ತಿರುಗಿಯೂ ನೋಡಲಿಲ್ಲ. ಶೇಕ್ಸ್‌ಪಿಯರನ ಕೃತಿಗಳ ಸಂಪಾದನೆ ಹೆಗಲಿಗೆ ಬಿದ್ದಾಗ ವಿಧಿಯಿಲ್ಲದೆ ಓದಬೇಕಾಯಿತು. 1765ರ ತನ್ನ ಸಂಪುಟದ ಟಿಪ್ಪಣಿಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ.

ಅವನ ಕಾಲದ ರಂಗಭೂಮಿಗೂ ಆ ಸಾವು ಸಹಿಸಲಾಗಿರಲಿಲ್ಲ. 1681ರಲ್ಲಿ ನಹೂಮ್ ಟೇಟ್ ಎಂಬ ಕವಿ ನಾಟಕವನ್ನೇ ತಿದ್ದಿ ಲಿಯರನನ್ನು ಬದುಕಿಸಿದ, ಕಾರ್ಡೀಲಿಯಾಗೆ ಎಡ್ಗರನ ಜೊತೆ ಮದುವೆ ಮಾಡಿಸಿದ, ವಿದೂಷಕನನ್ನು ಕೈಬಿಟ್ಟ. ಲಂಡನ್ನಿನ ಜನ ಒಂದೂವರೆ ಶತಮಾನ ನೋಡಿದ್ದು ಬಹುಪಾಲು ಇದನ್ನೇ. 1838ರಲ್ಲಿ ನಟ ಮೆಕ್ರೆಡಿ ಮೂಲ ನಾಟಕವನ್ನು ರಂಗಕ್ಕೆ ಮರಳಿ ತಂದ. ಕನ್ನಡದಲ್ಲೂ ಇಂಥದ್ದು ನಡೆದಿದೆ. ‘ರೋಮಿಯೊ ಅಂಡ್ ಜೂಲಿಯೆಟ್’ ಆಧರಿಸಿ ಆನಂದರಾಯರು 1889ರಲ್ಲಿ ಬರೆದ ‘ರಾಮವರ್ಮ ಲೀಲಾವತಿ’ಯಲ್ಲಿ ದೇವರೇ ಪ್ರತ್ಯಕ್ಷನಾಗಿ ಸತ್ತ ಪ್ರೇಮಿಗಳನ್ನು ಬದುಕಿಸುತ್ತಾನೆ. ಮಂಗಳದಿಂದ ಮುಗಿಯಬೇಕಾದ ನಾಟಕದಲ್ಲಿ ಎರಡು ಹೆಣಗಳನ್ನು ಬಿಟ್ಟು ಪರದೆ ಇಳಿಸಲು ನಮ್ಮ ಹಿರಿಯರಿಗೆ ಮನಸ್ಸು ಬರಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಸಾವನ್ನು ಅಳಿಸಿದ ಮೇಲೆ ಉಳಿಯುವುದು ಬೇರೆಯದೇ ನಾಟಕ. ಓದಲಾರೆ ಎಂದು ಪುಸ್ತಕ ಮುಚ್ಚಿಟ್ಟ ಜಾನ್ಸನ್, ತಿದ್ದಿ ಬರೆದ ಟೇಟ್‌ಗಿಂತ ಆ ದುಃಖಕ್ಕೆ ಹೆಚ್ಚು ಮರ್ಯಾದೆ ಕೊಟ್ಟ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹ್ಯಾಮ್ನೆಟ್ ಮತ್ತು ಜ್ಯೂಡಿತ್ ಅವಳಿ ಮಕ್ಕಳು. 1585ರ ಫೆಬ್ರವರಿ 2ರಂದು ಸ್ಟ್ರಾಟ್‌ಫರ್ಡಿನ ಚರ್ಚಿನಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. 1596ರ ಆಗಸ್ಟ್ 11ರಂದು ಹ್ಯಾಮ್ನೆಟ್‌ನನ್ನು ಮಣ್ಣು ಮಾಡಿದರು; ಆಗ ಅವನಿಗೆ 11 ವರ್ಷ. ಯಾವ ಕಾಯಿಲೆಯೆಂದು ದಾಖಲೆಯಲ್ಲಿಲ್ಲ. ಪ್ಲೇಗ್ ಎನ್ನುವುದು ಒಫಾರೆಲ್ ಅವರ ಕಲ್ಪನೆ. ‘ಹ್ಯಾಮ್ಲೆಟ್’ ಬಂದದ್ದು ಸುಮಾರು 1600ರ ಹೊತ್ತಿಗೆ. ಹ್ಯಾಮ್ನೆಟ್, ಹ್ಯಾಮ್ಲೆಟ್ ಎರಡೂ ಆ ಊರಿನಲ್ಲಿ ಒಂದೇ ಹೆಸರಿನಂತೆ ಬಳಕೆಯಲ್ಲಿದ್ದವು. ಆದರೆ ಸೇಡಿನ ಆ ಕಥೆ ಡೆನ್ಮಾರ್ಕಿನ ಹಳೆಯ ಕಥೆ, ಅದನ್ನು ಆಧರಿಸಿದ ನಾಟಕವೊಂದು ಲಂಡನ್ನಿನಲ್ಲಿ ಮೊದಲೇ ಇತ್ತು. ಮಗನ ಸಾವಿನಿಂದಲೇ ನಾಟಕ ಹುಟ್ಟಿತೆಂದು ಸಾಧಿಸಲು ಒಂದು ಕಾಗದವೂ ಸಿಗುವುದಿಲ್ಲ. ಆ ಮೌನದ ಜಾಗದಲ್ಲಿ ಕಾದಂಬರಿಕಾರ್ತಿ ತಾಯಿಯನ್ನು ನಿಲ್ಲಿಸಿದ್ದಾರೆ. ಶೇಕ್ಸ್‌ಪಿಯರನ ಹೆಸರನ್ನು ಇಡೀ ಪುಸ್ತಕದಲ್ಲಿ ಒಮ್ಮೆಯೂ ಬರೆದಿಲ್ಲ. ಅವನು ಅಲ್ಲಿ ಗಂಡ, ಅಪ್ಪ, ಲ್ಯಾಟಿನ್ ಹೇಳಿಕೊಡುವ ಮೇಷ್ಟ್ರು ಅಷ್ಟೆ.

ಮತ್ತೆ ಓದುವ ಮನಸ್ಸಾದರೆ ಒಂದು ವಿಷಯ ಮೊದಲೇ ತಿಳಿದಿರಲಿ. ನೀವು ನಿಲ್ಲಿಸಿದ ಪುಟದಾಚೆ ತಾಯಿ ಆಗ್ನೆಸ್ ಮಗನ ಮೈ ತೊಳೆದು, ಬಟ್ಟೆಯಲ್ಲಿ ಸುತ್ತಿ ಹೊಲಿಯುವ ಪ್ರಸಂಗವಿದೆ. ಬಹಳ ನಿಧಾನದ ಬರವಣಿಗೆ. ನಿಮ್ಮ ಅಮ್ಮ ಅಂಗಿ ಮಡಿಚಿಟ್ಟದ್ದನ್ನು ನೋಡಿದ ನಿಮಗೆ ಅದು ಕಷ್ಟವಾಗುತ್ತದೆ. ಆ ಪುಟಗಳನ್ನು ಬಿಟ್ಟು, ಆಗ್ನೆಸ್ ಲಂಡನ್ನಿಗೆ ಹೋಗಿ ಗಂಡನ ನಾಟಕ ನೋಡುವ ಕೊನೆಯ ಭಾಗ ಓದಿದರೂ ತಪ್ಪಿಲ್ಲ. ಅದೂ ಬೇಡವೆನಿಸಿದರೆ ಮಾಸ್ತಿಯವರು ಅನುವಾದಿಸಿದ ‘ದ್ವಾದಶ ರಾತ್ರಿ’ ಹುಡುಕಿ ಓದಿ. ಮಗ ಹೋದ ಐದಾರು ವರ್ಷಕ್ಕೆ ಶೇಕ್ಸ್‌ಪಿಯರ್ ಬರೆದ ನಾಟಕ ಅದು. ಒಂದು ಗಂಡು, ಒಂದು ಹೆಣ್ಣು, ಅವಳಿಗಳು. ಹಡಗು ಒಡೆದು ಅಣ್ಣ ಮುಳುಗಿದನೆಂದು ತಂಗಿ ನಂಬಿರುತ್ತಾಳೆ. ಕೊನೆಗೆ ಅವನು ಜೀವಂತ ಎದುರಿಗೆ ಬಂದು ನಿಲ್ಲುತ್ತಾನೆ. ಇದರಿಂದಲೂ ಏನನ್ನೂ ಸಾಧಿಸಲು ಬರುವುದಿಲ್ಲ. ಆದರೆ ಹ್ಯಾಮ್ನೆಟ್‌ನ ಬಗ್ಗೆ ತಿಳಿದ ಮೇಲೆ ಆ ದೃಶ್ಯವನ್ನು ಬರೀ ಹಾಸ್ಯವೆಂದು ಓದಲು ನನ್ನಿಂದಾಗಿಲ್ಲ.

ಪ್ರಶ್ನೆ: ನನಗೆ 23 ವರ್ಷ, ಸಾಫ್ಟ್‌ವೇರ್ ಕೆಲಸ. ಡೋನಾ ಟಾರ್ಟ್ ಅವರ ‘ದಿ ಸೀಕ್ರೆಟ್ ಹಿಸ್ಟರಿ’, ಎಂ.ಎಲ್. ರಿಯೊ ಅವರ ‘ಇಫ್ ವಿ ವರ್ ವಿಲನ್ಸ್’ ಓದಿ ಹುಚ್ಚು ಹಿಡಿದಂತಾಗಿದೆ. ಅಲ್ಲಿಂದ ‘ಮ್ಯಾಕ್‌ಬೆತ್’ಗೆ ಬಂದೆ. ಅಮ್ಮ, ‘ಬರೀ ಕೊಲೆ ಕಥೆ ಓದ್ತೀಯಲ್ಲ, ಒಳ್ಳೇದು ಏನೂ ಸಿಗಲ್ವಾ?’ ಅಂತಾರೆ. ಕತ್ತಲೆಯ ಕಥೆಗಳಲ್ಲಿ ಮಾತ್ರ ಸುಖ ಸಿಗುತ್ತದೆಂದರೆ ನನ್ನ ಮನಸ್ಸಿನಲ್ಲೇ ಏನೋ ಕೆಟ್ಟಿದೆಯೇ?
— ಯುವಕ, ಬೆಂಗಳೂರು

ಉತ್ತರ: ನಿಮ್ಮ ಪ್ರಶ್ನೆಯನ್ನು ಹದಿನಾಲ್ಕನೆಯ ಶತಮಾನದಲ್ಲಿ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ಎತ್ತಿಕೊಂಡಿದ್ದಾನೆ. ಕರುಣರಸ ದುಃಖವನ್ನೇ ಕೊಡುವುದಾದರೆ ಯಾರು ತಾನೇ ಅದರ ಹತ್ತಿರ ಸುಳಿಯುತ್ತಿದ್ದರು, ರಾಮಾಯಣವನ್ನು ಯಾರು ಕೇಳುತ್ತಿದ್ದರು ಎನ್ನುವುದು ಅವನ ವಾದ. ಸಹೃದಯರ ಅನುಭವವೇ ಇದಕ್ಕೆ ಪ್ರಮಾಣ ಎಂದು ಮುಗಿಸುತ್ತಾನೆ. ಭರತ ಮುನಿಯಂತೂ ಭಯಾನಕ, ಬೀಭತ್ಸಗಳನ್ನು ಶೃಂಗಾರದ ಸಾಲಿನಲ್ಲೇ ಕೂರಿಸಿದ್ದ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆಯುತ್ತ ದ್ರೋಣನನ್ನು, ಮಗನನ್ನು, ತಮ್ಮನನ್ನು, ಕರ್ಣನನ್ನು ಒಬ್ಬೊಬ್ಬರಾಗಿ ಕಾಣುತ್ತಾನೆ. ಕನ್ನಡಿಗರು ಸಾವಿರ ವರ್ಷದಿಂದ ಅದನ್ನು ಓದಿಕೊಂಡು ಬಂದಿದ್ದಾರೆ. ಅಶ್ವತ್ಥಾಮ ಮಲಗಿದ್ದ ಉಪಪಾಂಡವರನ್ನು ಕೊಂದ ರಾತ್ರಿಯ ಕಥೆಯನ್ನು ಮನೆಯ ಜಗುಲಿಯಲ್ಲಿ ಮಕ್ಕಳ ಮುಂದೆಯೇ ಹೇಳುತ್ತಿದ್ದರು. ಅಮ್ಮನಿಗೆ ಇದನ್ನು ನೆನಪಿಸಿ ನೋಡಿ.

ಆದರೆ ಅಮ್ಮನ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಕತ್ತಲೆಯಲ್ಲೂ ಬಗೆಗಳಿವೆ. ‘ಮ್ಯಾಕ್‌ಬೆತ್’ನ ಎರಡನೆಯ ಅಂಕವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ರಾಜ ಡಂಕನನ ಕೊಲೆಯನ್ನು ಶೇಕ್ಸ್‌ಪಿಯರ್ ನಮಗೆ ತೋರಿಸುವುದೇ ಇಲ್ಲ. ಲೇಡಿ ಮ್ಯಾಕ್‌ಬೆತ್ ಹೊರಗೆ ನಿಂತು ಕಿವಿಗೊಟ್ಟಿದ್ದಾಳೆ. ಗೂಬೆ ಕೂಗುತ್ತದೆ. ಮಲಗಿದ್ದ ಮುದುಕ ತನ್ನ ಅಪ್ಪನನ್ನು ಹೋಲದಿದ್ದರೆ ತಾನೇ ಇರಿಯುತ್ತಿದ್ದೆ ಎನ್ನುತ್ತಾಳೆ. ಗಂಡ ಬರುತ್ತಾನೆ, ಕೈಯಲ್ಲಿ ಬಾಕುಗಳು. ಅವನ್ನು ಅಲ್ಲೇ ಕಾವಲುಗಾರರ ಬಳಿ ಇಟ್ಟುಬರಬೇಕಿತ್ತು. ಗಾಬರಿಯಲ್ಲಿ ಹೊತ್ತು ತಂದಿದ್ದಾನೆ. ವಾಪಸು ಇಟ್ಟು ಬಾ ಎಂದರೆ ಆ ಕೋಣೆಯ ಕಡೆ ಮುಖ ಹಾಕಲಾರ. ಅವಳೇ ಹೋಗುತ್ತಾಳೆ. ಆಗ ಕೋಟೆಯ ಬಾಗಿಲು ಬಡಿಯುವ ಸದ್ದು. ಥಾಮಸ್ ಡಿಕ್ವಿನ್ಸಿ ಎಂಬ ಲೇಖಕನಿಗೆ ಚಿಕ್ಕಂದಿನಿಂದಲೂ ಆ ಸದ್ದು ತನ್ನನ್ನೇಕೆ ಇಷ್ಟು ಅಲುಗಿಸುತ್ತದೆ ಎಂಬ ಪ್ರಶ್ನೆ ಕಾಡುತ್ತಿತ್ತು. 1823ರಲ್ಲಿ ಅವನು ಉತ್ತರ ಬರೆದ: ಕೊಲೆಯ ಹೊತ್ತಿಗೆ ಮನುಷ್ಯಲೋಕವೇ ನಿಂತುಹೋಗಿರುತ್ತದೆ, ಬಾಗಿಲು ಬಡಿತದಿಂದ ಅದು ಮತ್ತೆ ಉಸಿರಾಡತೊಡಗುತ್ತದೆ, ನಡೆದದ್ದರ ಘೋರ ನಮಗೆ ತಟ್ಟುವುದು ಆಗಲೇ. ಒಬ್ಬ ಓದುಗ ತನ್ನದೇ ಪ್ರತಿಕ್ರಿಯೆಯನ್ನು ಬೆನ್ನುಹತ್ತಿ ಹೋಗಿ ಕಂಡುಕೊಂಡ ಸಂಗತಿ ಇದು. ನೀವೂ ಹಾಗೆ ಮಾಡಬಹುದು. ಇಷ್ಟವಾಯಿತು ಎಂದು ಬಿಟ್ಟುಬಿಡದೆ, ಯಾವ ಸಾಲಿನಲ್ಲಿ, ಯಾಕೆ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.

ನೀವು ಹೇಳಿದ ಎರಡೂ ಕಾದಂಬರಿಗಳಲ್ಲಿ ಬುದ್ಧಿವಂತ, ಚೆಲುವಾದ ವಿದ್ಯಾರ್ಥಿಗಳಿದ್ದಾರೆ, ಒಬ್ಬ ಸಹಪಾಠಿಯ ಸಾವಿದೆ. 1992ರ ಟಾರ್ಟ್ ಕಾದಂಬರಿ ಗ್ರೀಕ್ ಕಲಿಯುವವರದು. 2017ರ ರಿಯೊ ಕಾದಂಬರಿ ಶೇಕ್ಸ್‌ಪಿಯರ್ ಆಡುವವರದು, ಹತ್ತು ವರ್ಷ ಜೈಲಿನಲ್ಲಿದ್ದು ಹೊರಬಂದವನು ಅದನ್ನು ಹೇಳುತ್ತಾನೆ. ಓದಿ ಮುಗಿಸಿದ ಮೇಲೆ ನಿಮ್ಮ ನೆನಪಿನಲ್ಲಿ ಯಾರು ಉಳಿದರು ಎಂದು ಕೇಳಿಕೊಳ್ಳಿ. ಕೊಂದವರ ಉಡುಪು, ಮಾತು, ಮೇಣದ ಬತ್ತಿಯ ಬೆಳಕು ಮಾತ್ರ ಉಳಿದು, ಸತ್ತವನು ಮರೆತೇಹೋಗಿದ್ದರೆ ಪುಸ್ತಕ ನಿಮಗೆ ಬರೀ ಅಲಂಕಾರ ಕೊಟ್ಟಿದೆ. ಟಾರ್ಟ್ ಈ ಅಪಾಯವನ್ನು ಬಲ್ಲವರು, ಚೆಂದದ ಮೋಹವೇ ತನ್ನನ್ನು ಕೆಡಿಸಿತೆಂದು ಅವರ ಕಥೆಗಾರ ಒಪ್ಪಿಕೊಳ್ಳುತ್ತಾನೆ. ರಿಯೊ ಅವರ ಪುಸ್ತಕ ಅಷ್ಟು ಎಚ್ಚರದ್ದಲ್ಲ ಎಂದು ನನಗನಿಸಿದೆ. ಶೇಕ್ಸ್‌ಪಿಯರ್ ‘ಮ್ಯಾಕ್‌ಬೆತ್’ನ ನಾಲ್ಕನೆಯ ಅಂಕದಲ್ಲಿ ಮ್ಯಾಕ್‌ಡಫ್‌ನ ಪುಟ್ಟ ಮಗನಿಗೆ ಸಾಯುವ ಮುನ್ನ ಅಮ್ಮನ ಜೊತೆ ತುಂಟಾಟದ ಮಾತನ್ನು ಆಡಿಸುತ್ತಾನೆ. ಆ ಮಗು ನಮಗೆ ಮಗುವಾಗಿ ಪರಿಚಯವಾದ ಮೇಲೆ ಕೊಲೆಗಾರರು ಒಳಗೆ ಬರುತ್ತಾರೆ.

ಓದು ಬಿಟ್ಟ ಮೇಲೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಅವೇ ಚಿತ್ರಗಳು ಕಾಡುತ್ತಿದ್ದರೆ, ಪುಸ್ತಕದ ಮಾತು ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ‘ಟೈಟಸ್ ಆಂಡ್ರೋನಿಕಸ್’ ಓದಿ ಹೇಸಿಗೆಯಾಯಿತು. ಲವೀನಿಯಾಗೆ ಮಾಡಿದ್ದನ್ನು ಓದಿ ಎರಡು ದಿನ ಊಟ ಸೇರಲಿಲ್ಲ. ತರಗತಿಯಲ್ಲಿ ಹೀಗೆ ಹೇಳಿದರೆ ‘ಶೇಕ್ಸ್‌ಪಿಯರ್ ನಿನಗೆ ಅರ್ಥವಾಗಿಲ್ಲ’ ಎನ್ನುತ್ತಾರೆ. ಅವನನ್ನು ಇಷ್ಟಪಡದಿರುವ ಹಕ್ಕು ನನಗಿಲ್ಲವೇ?
— ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದೆ. ಟಾಲ್‌ಸ್ಟಾಯ್ ಆ ಹಕ್ಕನ್ನು ಪೂರ್ತಿ ಚಲಾಯಿಸಿದ. ರಷ್ಯನ್, ಇಂಗ್ಲಿಷ್, ಜರ್ಮನ್ ಮೂರರಲ್ಲೂ ಓದಿ, ಎಪ್ಪತ್ತೈದನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಎಲ್ಲವನ್ನೂ ಓದಿ, ಜುಗುಪ್ಸೆ ಮತ್ತು ಬೇಸರವೇ ತನಗೆ ಸಿಕ್ಕಿದ್ದು ಎಂದ. ಹಾಗೆಂದು ಬರೆದ ಅವನ ಪ್ರಬಂಧ 1906ರಲ್ಲಿ ಅಚ್ಚಾಯಿತು. 1947ರಲ್ಲಿ ಜಾರ್ಜ್ ಆರ್ವೆಲ್ ಅದಕ್ಕೆ ಉತ್ತರ ಬರೆದ. ಇಬ್ಬರನ್ನೂ ಜೊತೆಗಿಟ್ಟು ಓದಿ. ಟಾಲ್‌ಸ್ಟಾಯ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಓದಿ, ಕಾರಣ ಕೊಟ್ಟು ಬೇಡವೆಂದವನನ್ನು ಅರ್ಥವಾಗದವನು ಎನ್ನುವುದು ವಾದವಲ್ಲ.

ಇನ್ನು ‘ಟೈಟಸ್’. ಅದು ಅವನ ತೀರ ಆರಂಭದ ದುರಂತ ನಾಟಕ, 1594ರಲ್ಲಿ ಅಚ್ಚಾದದ್ದು. 2014ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಆಡಿದಾಗ ನೋಡುಗರು ಮೂರ್ಛೆ ಹೋದರು. ನಿಮ್ಮ ಹೊಟ್ಟೆ ತಿರುಚಿದ್ದರಲ್ಲಿ ಆಶ್ಚರ್ಯವಿಲ್ಲ. ಅತ್ಯಾಚಾರಕ್ಕೆ ಒಳಗಾಗಿ, ನಾಲಗೆ, ಕೈ ಕಳೆದುಕೊಂಡು ರಕ್ತ ಸುರಿಸುತ್ತ ನಿಂತ ಹುಡುಗಿಯ ಮುಂದೆ ಅವಳ ಚಿಕ್ಕಪ್ಪ ಮಾರ್ಕಸ್ ಉಪಮೆಗಳ ಮೇಲೆ ಉಪಮೆ ಹೇಳುತ್ತ ನಿಲ್ಲುವುದು ನನಗೂ ಸಹಿಸಲಾಗದ ಭಾಗ. ಅವಳ ನೋವು ಅಲ್ಲಿ ಕಾವ್ಯಕ್ಕೆ ನೆಪವಾಗಿದೆ. ಅದನ್ನು ಸಮರ್ಥಿಸುವ ವಿಮರ್ಶೆಗಳನ್ನು ಓದಿದ್ದೇನೆ, ಒಪ್ಪಲಾಗಿಲ್ಲ.

ಆದರೆ ನಾಲ್ಕನೆಯ ಅಂಕದ ಮೊದಲ ದೃಶ್ಯವನ್ನು ನೀವು ದಾಟಿ ಹೋಗಿರಬಹುದು. ಲವೀನಿಯಾ ಪುಟ್ಟ ಹುಡುಗನ ಹಿಂದೆ ಓಡುತ್ತಾಳೆ. ಅವನು ಹೆದರಿ ಪುಸ್ತಕಗಳನ್ನು ಕೆಳಗೆ ಹಾಕುತ್ತಾನೆ. ಮೊಂಡುಗೈಗಳಿಂದ ಅವಳು ಅದರಲ್ಲೊಂದನ್ನು ಎಳೆದುಕೊಂಡು ಹಾಳೆ ತಿರುವುತ್ತಾಳೆ. ಅದು ಓವಿಡ್ ಕವಿಯ ಕಾವ್ಯ. ಇವಳ ಹಾಗೆಯೇ ಅತ್ಯಾಚಾರಕ್ಕೊಳಗಾಗಿ ನಾಲಗೆ ಕಳೆದುಕೊಂಡ ಫಿಲೊಮೆಲಾಳ ಕಥೆಯ ಪುಟಕ್ಕೆ ಬಂದು ನಿಲ್ಲುತ್ತಾಳೆ. ಆಮೇಲೆ ಕೋಲನ್ನು ಬಾಯಲ್ಲಿ ಕಚ್ಚಿ ಮರಳಿನ ಮೇಲೆ ಅಪರಾಧಿಗಳ ಹೆಸರು ಬರೆಯುತ್ತಾಳೆ. ಯಾರೂ ಕೇಳಿಸಿಕೊಳ್ಳಲಾಗದ ಹೆಣ್ಣಿಗೆ ಹಳೆಯ ಪುಸ್ತಕವೊಂದರ ಒಂದು ಪುಟ ಸಾಕ್ಷಿಯಾಗುತ್ತದೆ. ಇಷ್ಟು ಕಂಡ ಮೇಲೂ ನಾಟಕ ಇಷ್ಟವಾಗದಿದ್ದರೆ ಹಾಗೆಯೇ ಬರೆಯಿರಿ. ನಿಮ್ಮ ಹೇಸಿಗೆ ಪ್ರಬಂಧದ ಮೊದಲ ವಾಕ್ಯವಾಗಲಿ, ಮುಂದಿನ ವಾಕ್ಯಗಳಲ್ಲಿ ಅಂಕ, ದೃಶ್ಯ, ಸಾಲುಗಳು ಬರಲಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ವಯಸ್ಸು 74. ಹೋದ ವರ್ಷ ಜಮೀನು, ಮನೆ ಮೂವರು ಮಕ್ಕಳಿಗೂ ಪಾಲು ಮಾಡಿಕೊಟ್ಟೆ. ಆಮೇಲೆ ಮಾಸ್ತಿಯವರ ‘ಲಿಯರ್ ಮಹಾರಾಜ’ ಕೈಗೆ ಬಂತು. ಕಾಲೇಜಿನಲ್ಲಿ ಓದಿದಾಗ ಅದು ರಾಜನ ಕಥೆಯಾಗಿತ್ತು. ಈಗ ಸೊಸೆ ಕಾಫಿ ತರುವುದು ತಡವಾದರೂ ಅನುಮಾನ. ಓದಬಾರದಿತ್ತೇ?
— ಹಾಸನ

ಉತ್ತರ: ಯಜಮಾನರೇ, ಓದಿದ್ದು ಒಳ್ಳೆಯದಾಯಿತು. ಆದರೆ ಲಿಯರನ ತಪ್ಪು ಪಾಲು ಮಾಡಿದ್ದರಲ್ಲಿಲ್ಲ. ಹೆಣ್ಣುಮಕ್ಕಳನ್ನು ಸಭೆಯಲ್ಲಿ ಸಾಲಾಗಿ ನಿಲ್ಲಿಸಿ, ಯಾರಿಗೆ ನನ್ನ ಮೇಲೆ ಹೆಚ್ಚು ಪ್ರೀತಿ ಹೇಳಿ ಎಂದು ಪಂದ್ಯ ಹೂಡಿದ್ದರಲ್ಲಿದೆ. ಕಾಫಿ ಬರುವ ಹೊತ್ತನ್ನು ಅಳೆಯುವುದೂ ಸ್ವಲ್ಪ ಆ ಪಂದ್ಯದ ಜಾತಿಯದೇ. ಅದನ್ನು ಇವತ್ತೇ ಬಿಡಿ.

ನಿಮಗೆ ಇಂಗ್ಲಿಷ್ ಓದುವ ಅಭ್ಯಾಸವಿದ್ದರೆ ಜೇನ್ ಸ್ಮೈಲಿ ಅವರ ‘ಎ ಥೌಸಂಡ್ ಏಕರ್ಸ್’ ತರಿಸಿಕೊಳ್ಳಿ. 1991ರ ಕಾದಂಬರಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅಮೆರಿಕದ ಅಯೋವಾದಲ್ಲಿ ಒಬ್ಬ ರೈತ ತನ್ನ ಸಾವಿರ ಎಕರೆಯನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚುತ್ತಾನೆ. ಕಥೆ ಹೇಳುವವಳು ದೊಡ್ಡ ಮಗಳು, ಅಂದರೆ ನಾಟಕದಲ್ಲಿ ನಾವು ಶಪಿಸುವ ಗಾನರಿಲ್. ಅಪ್ಪನ ಕೋಪದ ಕೆಳಗೆ ಆ ಮಕ್ಕಳು ಏನೇನು ಅನುಭವಿಸಿದ್ದರು ಎಂಬುದು ಅಲ್ಲಿ ಹೊರಬರುತ್ತದೆ. ಮೊದಲೇ ಹೇಳುತ್ತೇನೆ, ನಾಟಕಕ್ಕಿಂತ ಅದು ಕಡಿಮೆ ಕತ್ತಲಿನದಲ್ಲ. ಆದರೆ ಪಾಲು ಪಡೆದವರ ಕಡೆಯಿಂದಲೂ ನೋಡಲು ಕಲಿಸುತ್ತದೆ.

ಮಾಸ್ತಿಯವರ ಪುಸ್ತಕದಲ್ಲಿ ಗ್ಲಾಸ್ಟರ್‌ನ ಕಣ್ಣು ಕೀಳುವ ದೃಶ್ಯಕ್ಕೂ ಒಮ್ಮೆ ಹಿಂದಿರುಗಿ. ಅಷ್ಟು ಕ್ರೌರ್ಯದ ನಡುವೆ ಹೆಸರೂ ಇಲ್ಲದ ಒಬ್ಬ ಆಳು ತನ್ನ ಧಣಿಯ ಮೇಲೇ ಕತ್ತಿ ಹಿರಿಯುತ್ತಾನೆ, ಅದಕ್ಕಾಗಿ ಸಾಯುತ್ತಾನೆ. 1608ರ ಮುದ್ರಣದಲ್ಲಿ ಉಳಿದ ಆಳುಗಳು ಆ ಮುದುಕನ ರಕ್ತ ಸುರಿಯುವ ಮುಖಕ್ಕೆ ಹಚ್ಚಲು ಅಗಸೆಯ ನಾರು, ಮೊಟ್ಟೆಯ ಬಿಳಿ ತರಲು ಹೊರಡುತ್ತಾರೆ. 1623ರ ಸಂಪುಟದಲ್ಲಿ ಆ ಮಾತುಗಳಿಲ್ಲ. 1962ರಲ್ಲಿ ಪೀಟರ್ ಬ್ರೂಕ್ ನಾಟಕ ಆಡಿಸಿದಾಗ, ನೋಡುಗರಿಗೆ ಅಷ್ಟು ಸಮಾಧಾನವೂ ಸಿಗಬಾರದೆಂದು ಅದನ್ನು ಕೈಬಿಟ್ಟ. ಬ್ರೂಕ್ ದೊಡ್ಡ ನಿರ್ದೇಶಕ. ಇಲ್ಲಿ ಮಾತ್ರ ನಾನು ಮೊಟ್ಟೆಯ ಬಿಳಿ ತರಲು ಹೋದವರ ಪಕ್ಷ. ಆ ಕೆಲವು ಸಾಲುಗಳಿಲ್ಲದಿದ್ದರೆ ‘ಲಿಯರ್’ ಲೋಕವನ್ನು ಅರ್ಧ ಮಾತ್ರ ತೋರಿಸಿದಂತೆ.

ಸಾಹಿತ್ಯದ ಹೊರಗಿನ ಒಂದು ಮಾತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಹಿರಿಯರು ಆಸ್ತಿ ವರ್ಗಾಯಿಸಿದ್ದು, ಪಡೆದವರು ಆ ಷರತ್ತು ಮುರಿದರೆ, ವರ್ಗಾವಣೆಯನ್ನು ರದ್ದು ಮಾಡಿಸಿಕೊಳ್ಳಲು ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ನಿಮ್ಮ ಪಾಲುಪತ್ರದಲ್ಲಿ ಅಂಥ ಷರತ್ತು ಇದೆಯೇ ಎಂದು ವಕೀಲರಿಂದ ನೋಡಿಸಿ. ಅನುಮಾನದಲ್ಲಿ ದಿನ ನೂಕುವುದಕ್ಕಿಂತ ಅದು ಮೇಲು.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಹ್ಯಾಮ್ಲೆಟ್ ದೆವ್ವದ ಕಥೆ ಹೇಳು ಎಂದು ಹಟ ಮಾಡುತ್ತಾಳೆ. ಹೇಳಬಹುದೇ?
— ತಾಯಿ, ಕಲಬುರಗಿ

ಉತ್ತರ: ಹೇಳಿ, ಹಗಲಿನಲ್ಲಿ ಹೇಳಿ. ಮೇಲೆ ಹೇಳಿದ ಜಾನ್ಸನ್ ಒಂಬತ್ತು ವರ್ಷದವನಿದ್ದಾಗ ಲಿಚ್‌ಫೀಲ್ಡಿನ ಮನೆಯ ಅಡುಗೆಮನೆಯಲ್ಲಿ ಒಬ್ಬನೇ ಕೂತು ‘ಹ್ಯಾಮ್ಲೆಟ್’ ಓದುತ್ತಿದ್ದ. ದೆವ್ವ ಬರುವ ಭಾಗಕ್ಕೆ ಬಂದದ್ದೇ ಮೆಟ್ಟಿಲು ಹತ್ತಿ ಬೀದಿ ಬಾಗಿಲಿಗೆ ಓಡಿದ, ಅಲ್ಲಿ ಜನರಾದರೂ ಕಾಣುತ್ತಾರೆಂದು. ನಿಮ್ಮ ಮಗಳು ಒಬ್ಬಳೇ ಓದುವುದಿಲ್ಲ, ನೀವು ಪಕ್ಕದಲ್ಲಿರುತ್ತೀರಿ. ಮಕ್ಕಳಿಗೆ ಹೆದರಿಕೆಗಿಂತ ಕಷ್ಟವಾಗುವುದು ಹೆದರಿದಾಗ ಹತ್ತಿರ ಯಾರೂ ಇಲ್ಲದಿರುವುದು.

ಪುಸ್ತಕ ಬೇಕಿದ್ದರೆ ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಅವರ 1807ರ ‘ಟೇಲ್ಸ್ ಫ್ರಮ್ ಶೇಕ್ಸ್‌ಪಿಯರ್’ ಈಗಲೂ ಸಿಗುತ್ತದೆ. ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕನ್ನು ಬರೆದವಳು ಮೇರಿ. ಮೊದಲ ಮುದ್ರಣದಲ್ಲಿ ಅವಳ ತಮ್ಮ ಚಾರ್ಲ್ಸ್‌ನ ಹೆಸರು ಮಾತ್ರ ಇತ್ತು. 1796ರಲ್ಲಿ ಮನೋರೋಗದ ಆವೇಶದಲ್ಲಿ ಮೇರಿ ತನ್ನ ತಾಯಿಯನ್ನೇ ಇರಿದು ಕೊಂದಿದ್ದಳು. ತಮ್ಮ ಅವ‍ಳ ಹೊಣೆ ಹೊತ್ತು ಜೀವನಪೂರ್ತಿ ಜೊತೆಗಿದ್ದ. ದುರಂತಗಳನ್ನು ಅವನು ಬರೆದ, ನಗುವಿನ ನಾಟಕಗಳನ್ನು ಅವಳು ಮಕ್ಕಳಿಗೆ ಕಥೆ ಮಾಡಿದಳು. ಇದು ಮಗಳಿಗೆ ಈಗ ಬೇಡ. ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಪ್ರಶ್ನೆ: ಜೈಲಿನ ಕೈದಿಗಳು ಆಡಿದ ‘ಮಾರನಾಯಕ’ ನೋಡಿದ್ದೆ. ಶಿಕ್ಷೆ ಅನುಭವಿಸುತ್ತಿರುವವರ ಬಾಯಲ್ಲಿ ಕೊಲೆಯ ಮಾತು ಕೇಳಿ ಮೈ ನಡುಗಿತ್ತು. ಈಚೆಗೆ ಮಾರ್ಗರೆಟ್ ಆ್ಯಟ್‌ವುಡ್ ಅವರ ‘ಹ್ಯಾಗ್ ಸೀಡ್’ ಓದಿ ಆ ಸಂಜೆ ನೆನಪಾಯಿತು. ಇದು ಸರಿಯೇ ಎಂದು ಇನ್ನೂ ತೀರ್ಮಾನಿಸಲಾಗಿಲ್ಲ. ಕನ್ನಡದಲ್ಲಿ ಶೇಕ್ಸ್‌ಪಿಯರ್ ಓದಲು ಎಲ್ಲಿಂದ ಶುರು ಮಾಡಲಿ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಸರಿ ಎಂದೇ ನನ್ನ ಖಚಿತ ಅಭಿಪ್ರಾಯ. ಎಚ್.ಎಸ್. ಶಿವಪ್ರಕಾಶರು ‘ಮ್ಯಾಕ್‌ಬೆತ್’ ಆಧರಿಸಿ ಬರೆದ ‘ಮಾರನಾಯಕ’ವನ್ನು ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದ ಆಡಿಸಿದ್ದು ನಮ್ಮ ರಂಗಭೂಮಿಯ ದೊಡ್ಡ ಕೆಲಸಗಳಲ್ಲಿ ಒಂದು. ಮಾಡಿದ್ದು ಮಾಡದ್ದಾಗುವುದಿಲ್ಲ ಎಂಬ ಅರಿವು ಆ ನಾಟಕದ ಬೆನ್ನೆಲುಬು. ಅದನ್ನು ಪುಸ್ತಕದಿಂದ ಕಲಿಯಬೇಕಾದವರು ನಾವು. ಅವರು ಪ್ರತಿದಿನ ಅದರ ಜೊತೆ ಬದುಕುತ್ತಿದ್ದಾರೆ. 2016ರ ಆ್ಯಟ್‌ವುಡ್ ಕಾದಂಬರಿಯಲ್ಲಿ ಕೆಲಸ ಕಳೆದುಕೊಂಡ ನಿರ್ದೇಶಕ ಫೆಲಿಕ್ಸ್ ಕೆನಡಾದ ಜೈಲಿನಲ್ಲಿ ‘ಟೆಂಪೆಸ್ಟ್’ ಆಡಿಸುತ್ತಾನೆ. ತಾಲೀಮಿನಲ್ಲಿ ನಾಟಕದೊಳಗಿನ ಬೈಗುಳಗಳನ್ನು ಬಿಟ್ಟು ಬೇರೆ ಬೈಗುಳ ಆಡುವಂತಿಲ್ಲ. ನಾಟಕದಲ್ಲಿ ಯಾರು ಯಾರು ಎಲ್ಲೆಲ್ಲಿ ಸೆರೆಯಾಗಿದ್ದಾರೆ ಎಂದು ಕೈದಿಗಳು ಹುಡುಕತೊಡಗಿದಾಗ ಪಂಡಿತರಿಗೂ ಹೊಳೆಯದ್ದು ಅವರಿಗೆ ಕಾಣುತ್ತದೆ.

ಕಥೆಯ ಹೊರಗೂ ಇಂಥದ್ದು ನಡೆದಿದೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಸನ್ನಿ ವೆಂಕಟರತ್ನಂ ಎಂಬ ರಾಜಕೀಯ ಕೈದಿ ಶೇಕ್ಸ್‌ಪಿಯರನ ಸಮಗ್ರ ಕೃತಿಗೆ ದೀಪಾವಳಿ ಶುಭಾಶಯ ಪತ್ರಗಳನ್ನು ಅಂಟಿಸಿ, ಧರ್ಮಗ್ರಂಥವೆಂದು ಕಾವಲುಗಾರರನ್ನು ನಂಬಿಸಿದ್ದ. ಅದು ಸಹಕೈದಿಗಳ ನಡುವೆ ಕೈಯಿಂದ ಕೈಗೆ ಹೋಯಿತು. ತಮಗೆ ಒಪ್ಪಿದ ಭಾಗದ ಪಕ್ಕ ಒಬ್ಬೊಬ್ಬರೂ ಸಹಿ ಹಾಕಿದರು. ನೆಲ್ಸನ್ ಮಂಡೇಲಾ 1977ರ ಡಿಸೆಂಬರ್ 16ರಂದು ‘ಜೂಲಿಯಸ್ ಸೀಸರ್’ನಲ್ಲಿ ಸೀಸರ್ ಸಾವಿನ ಭಯದ ಬಗ್ಗೆ ಆಡುವ ಮಾತಿನ ಪಕ್ಕ ಸಹಿ ಹಾಕಿದರು. ವಾಲ್ಟರ್ ಸಿಸುಲು ಆರಿಸಿದ್ದು ‘ಮರ್ಚೆಂಟ್ ಆಫ್ ವೆನಿಸ್’ನ ಶೈಲಾಕ್‌ನ ಮಾತನ್ನು.

ಕನ್ನಡದಲ್ಲಿ ಶುರು ಮಾಡಲು ದಾರಿ ಹಲವು. ಕಥೆ ನಮ್ಮ ನೆಲಕ್ಕೆ ಬಂದದ್ದು ಬೇಕಿದ್ದರೆ ಕುವೆಂಪು ಅವರ ‘ರಕ್ತಾಕ್ಷಿ’. ಹ್ಯಾಮ್ಲೆಟ್‌ನ ಸಂಕಟ ಅಲ್ಲಿ ಬಿದನೂರಿಗೆ ಬಂದಿದೆ. ‘ಟೆಂಪೆಸ್ಟ್’ ಅವರ ಕೈಯಲ್ಲಿ ‘ಬಿರುಗಾಳಿ’ಯಾಗಿದೆ. ‘ಮ್ಯಾಕ್‌ಬೆತ್’ ಅನ್ನು ಡಿ.ವಿ.ಜಿ. ಅನುವಾದಿಸಿದ್ದಾರೆ, ರಾಮಚಂದ್ರ ದೇವ ಕೂಡ ಅನುವಾದಿಸಿದ್ದಾರೆ. ಹೊಸಬರು ದೇವ ಅವರದನ್ನು ಮೊದಲು ಓದುವುದು ಒಳಿತು, ಮಾತು ಇಂದಿನ ಕಿವಿಗೆ ಹತ್ತಿರ. ‘ಒಥೆಲ್ಲೊ’ಗೆ ಕೆ.ಎಸ್. ನಿಸಾರ್ ಅಹಮದ್ ಅವರ ಅನುವಾದವಿದೆ. ನೀವು ‘ಮಾರನಾಯಕ’ವನ್ನು ನೋಡಿರುವುದರಿಂದ ಅದರ ಪಠ್ಯದಿಂದಲೇ ಹೊರಡಿ. ಅಂಗಡಿಯಲ್ಲಿ ಸಿಗದ ಹಳೆಯ ಮುದ್ರಣಗಳಿಗೆ ನಗರ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ.

ಮುಂದೆ ಪತ್ರ ಬರೆಯುವವರಲ್ಲಿ ಒಂದು ಕೋರಿಕೆ. ಪುಸ್ತಕದ ಹೆಸರಿನ ಜೊತೆಗೆ ನೀವು ಎಲ್ಲಿ ನಿಲ್ಲಿಸಿದಿರಿ, ಯಾವ ಪುಟಕ್ಕೆ ಮತ್ತೆ ಮರಳಿದಿರಿ ಎಂಬುದನ್ನೂ ತಪ್ಪದೆ ಬರೆಯಿರಿ.